ಪೈಕ್ಸ್‌ಬರೋದ ಕೊಬ್ಬರಿ ಹೋರಿ

"ಯಾರು ಏನರ ಅನ್ರಿ, ಆ ಹೋರಿ ಕೊರಳಾಗ ಕೊಬ್ಬರಿ ಸರ ಇತ್ತು," ಅಂದ ಸುಬ್ಬು. "ಕೆಂಪು ದಾರದಾಗ ಪೋಣಿಸಿದ್ದು. ನಮ್ಮೂರಾಗ ಕಟ್ಟತಾರಲ್ಲ, ಥೇಟ್ ಹಂಗ."

ದಿವಾಕರ ಹೊಟ್ಟೆ ಹಿಡಿದುಕೊಂಡು ನಕ್ಕ. "ನ್ಯೂಜೆರ್ಸಿ ಗೂಳಿಗೆ ಹಾವೇರಿ ಕೊಬ್ಬರಿ! ಏನಯ್ಯಾ, ಆ ಬಿಸಿಲಲ್ಲಿ ಎಷ್ಟು ಬಿಯರ್ ಇಳಿಸಿದ್ದೆ?"

"ಒಂದ ಭಾವ. ಅದರಾಗೂ ಅರ್ಧ ರಾಜ್ ಕುಡದ."

"ಮಿಕ್ಕಿದ ಅರ್ಧಕ್ಕೇ ಕೊಬ್ಬರಿ ಕಾಣಿಸಿದ್ರೆ, ಪೂರ್ತಿ ಕುಡಿದಿದ್ರೆ ತೆಂಗಿನ ತೋಟಾನೇ ಕಾಣಿಸ್ತಿತ್ತು ಬಿಡು."

ಎಪ್ಪತ್ತೆಂಟನೇ ಇಸವಿಯ ಜೂನ್ ತಿಂಗಳು. ಶನಿವಾರ ಮಧ್ಯಾಹ್ನ ನಾಲ್ಕು ಗಂಟೆ. ಹಿಲ್ಸ್‌ಬರೋದ ದಿವಾಕರ, ವಿಜಿ ದಂಪತಿಯ ಮನೆಯ ಸುತ್ತ ಮಳೆ ಬೆಳಗಿನಿಂದ ಬಿಟ್ಟಿರಲಿಲ್ಲ, ಹಿತ್ತಿಲ ಆಚೆಯ ಜೋಳದ ಹೊಲ ಕಾಣುತ್ತಿರಲಿಲ್ಲ, ದೀಪ ಹಾಕಿಕೊಂಡೇ ಕೂತಿದ್ದರು. ವಿಜಿ ಮಿರ್ಚಿ ಭಜಿ ಕರಿದು ತಂದು ತಟ್ಟೆಯನ್ನು ನಡುವೆ ಇಟ್ಟಳು. ಸುಬ್ಬು ಅವಳ ತಮ್ಮ. ಹಾವೇರಿ ಕಡೆಯ ಹಳ್ಳಿಯಿಂದ ಬಂದು ನ್ಯೂ ಬ್ರನ್ಸ್‌ವಿಕ್‌ನಲ್ಲಿ ಓದಲು ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಹಿಂದಿನ ಶನಿವಾರ ಗೆಳೆಯ ರಾಜ್‌ನ ಕಾರಿನಲ್ಲಿ ದಕ್ಷಿಣಕ್ಕೆ ಒಂದೂವರೆ ಗಂಟೆ ದಾರಿಯ ಪೈಕ್ಸ್‌ಬರೋಗೆ ಹೋಗಿ, ಕೌಬಾಯ್‌ಗಳನ್ನೂ ಅವರ ರೋಡಿಯೊ ಆಟವನ್ನೂ ನೋಡಿ ಬಂದಿದ್ದ. ಇವತ್ತು ಸಂಜೆ ಏಳಕ್ಕೆ ಮತ್ತೆ ಆಟ. ಮಳೆ ಬಂದರೂ ನಿಲ್ಲುವುದಿಲ್ಲವಂತೆ. ಐದಕ್ಕೆ ರಾಜ್ ಕರೆದೊಯ್ಯಲು ಬರುವವನಿದ್ದ.

"ರಾಜ್ ನೋಡಿದ್ನೇನು ಆ ಸರ?" ವಿಜಿ ಕೇಳಿದಳು.

"ಅವಂಗ ಹೋರಿನ ಕಾಣಲಿಲ್ಲಕ್ಕಾ. ಬೇಲಿ ಮೂಲ್ಯಾಗ ಒಂದ ನಿಂತಿತ್ತು. ತೋರಿಸಿದ್ರ, ಎಲ್ಲಿ ಎಲ್ಲಿ ಅಂದ."

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಈಶಣ್ಣ ಕಾಕಾ ಅಲ್ಲಿಯವರೆಗೆ ಭಜಿ ತಿನ್ನುತ್ತ, ಕೇಳಿಸಿಕೊಳ್ಳುತ್ತ, ಸುಮ್ಮನಿದ್ದರು. ವಿಜಿಗೆ ದೂರದ ಸಂಬಂಧ. ದನದ ಡಾಕ್ಟರು, ಮುಂಬಯಿಯಲ್ಲಿ ಓದಿ, ಧಾರವಾಡ ಜಿಲ್ಲೆಯ ತುಂಬ ಎತ್ತು ಎಮ್ಮೆಗಳ ಬಾಯಿಗೆ ಕೈ ಹಾಕಿ, ಐವತ್ತು ದಾಟಿದ ಮೇಲೆ ಅಮೆರಿಕಕ್ಕೆ ಬಂದವರು. ಮಾತಿಗೆ ಕೂತರೆ ಊಟದ ಹೊತ್ತು ತಪ್ಪಿಸುವ ಮನುಷ್ಯ. ಅವರು ಈಗ ಕೈಯಲ್ಲಿದ್ದ ಕಪ್ಪು-ಬಸಿಯನ್ನು ಕೆಳಗಿಟ್ಟರು. ಇಡುವಾಗ ಕಾಫಿ ಚೆಲ್ಲಿತು.

"ಎಷ್ಟು ಬಟ್ಟಲ ಇದ್ವು ತಮ್ಮಾ?"

"ಏನ್ರಿ ಕಾಕಾ?"

"ಕೊಬ್ಬರಿ ಬಟ್ಟಲ. ಸರದಾಗ ಎಷ್ಟಿದ್ವು?"

ಸುಬ್ಬು ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. "ಮೂರು. ಸರ ಉದ್ದ ಇತ್ತು. ನಡುವ ಎರಡು ಕಡೆ ಖಾಲಿ ಇತ್ತು, ಯಾರೋ ಹರಕೊಂಡಂಗ."

ಕಾಕಾ ಅವನನ್ನೇ ನೋಡಿದರು. ವಿಜಿಗೆ ಆ ನೋಟ ಸರಿಬರಲಿಲ್ಲ. ಹದಿನಾರರ ಸುಬ್ಬು ದೀಪಾವಳಿಯಲ್ಲಿ ಹೋರಿ ಬೆದರಿಸಲು, ಅಂದರೆ ಓಡುವ ಹೋರಿಯ ಕೊರಳ ಕೊಬ್ಬರಿ ಹರಿಯುವ ಆಟಕ್ಕೆ, ಹೋಗಿ ಹೆಗಲ ಎಲುಬು ಮುರಿದುಕೊಂಡು ಬಂದಾಗ, ಅರಿಶಿನದ ಪಟ್ಟು ಹಾಕಿದವಳು ಅವಳೇ. ಅಂದು ಅವನು ನೋವಿಗೆ ಅಳುತ್ತಿದ್ದರೂ, ಕೈಯಲ್ಲಿ ಹರಿದು ತಂದ ಕೊಬ್ಬರಿಯನ್ನು ಬಿಟ್ಟಿರಲಿಲ್ಲ.

"ಇವತ್ತ ನೀ ಹೋಗಬ್ಯಾಡ," ಅಂದರು ಕಾಕಾ. "ಹಂಗಂದ್ರ ನೀ ಕೇಳಂಗಿಲ್ಲ, ನನಗ ಗೊತ್ತೈತಿ. ವಿಜಿ, ಇಲ್ಲೆ ಕೂಡವಾ. ದಿವಾಕರ, ನೀವು ಮೈಸೂರಿನವ್ರು, ನಿಮಗ ನಗಿ ಬರತೈತಿ... ನಗ್ರಿ, ಆದ್ರ ಕೇಳಿ ನಗ್ರಿ."

ಮಳೆ ಕಿಟಕಿಗೆ ಬಡಿಯುತ್ತಿತ್ತು. ಕಾಕಾ ಶುರು ಮಾಡಿದರು.

"ಅರವತ್ತೊಂಬತ್ತನೇ ಇಸ್ವಿ. ನಾ ಆಗ ಪೈಕ್ಸ್‌ಬರೋದಾಗ ಇದ್ದೆ. ಇಲ್ಲಿ ಲೈಸೆನ್ಸ್ ಸಿಗೋತನಕ ಒಬ್ಬ ಮುದುಕ ಡಾಕ್ಟರ ಕೈಕೆಳಗ ಕೆಲಸ. ಊರಂದ್ರ ಏನು... ಒಂದು ಬೀದಿ, ಎರಡು ಚರ್ಚು, ಮೂರು ಬೂಟಿನ ಅಂಗಡಿ. ನ್ಯೂಯಾರ್ಕಿಂದ ಎರಡೂವರೆ ತಾಸು, ಆದ್ರ ಅಲ್ಲಿ ಮಂದಿ ತಲಿ ಮ್ಯಾಲ ಅಗಲ ಟೋಪಿ, ನಡಕ್ಕ ಅಂಗೈ ಅಷ್ಟು ಬಿಲ್ಲೆಯ ಪಟ್ಟಿ. ಮಂಗಳವಾರ ದನದ ಸಂತಿ, ಶನಿವಾರ ಸಂಜಿಗೆ ರೋಡಿಯೊ. ರೋಡಿಯೊ ನಡಸಾಂವ ವಾಲ್ಟ್ ಅಂತ. ಕೆಟ್ಟ ಮನಶ್ಯಾ ಅಲ್ಲ. ನನ್ನ ಡಾಕ್ ಅಂತಿದ್ದ, ಜ್ವರ ಬಂದ್ರ ಸೂಪ್ ಕಳಸತಿದ್ದ. ಆದ್ರ ಹೋರಿಗೋಳ ವಿಷಯದಾಗ... ಅವನ ಕಣ್ಣಿಗೆ ಅವು ಯಂತ್ರ. ಹೋರಿನ ಹಲಗಿ ಇಕ್ಕಟ್ಟಿನಾಗ ನಿಲ್ಲಿಸಿ, ಟೊಂಕಕ್ಕ ಹಗ್ಗ ಬಿಗದು, ಕರೆಂಟಿನ ಕೋಲಿಂದ ಚುಚ್ಚಿ ಬಾಗಲಾ ತಗೀತಾರ. ಮ್ಯಾಲ ಕುಂತವ ಎಂಟು ಸೆಕೆಂಡ್ ಇದ್ರ ಗೆದ್ದ. ಹೊಟ್ಟಿ ಕೆಳಗ ಒಂದು ಗಂಟಿ ಕಟ್ಟಿರತಾರ, ಸವಾರ ಕೈ ಬಿಟ್ಟ ಕೂಡ್ಲೆ ಅದರ ಭಾರಕ್ಕ ಹಗ್ಗ ಕಳಚಿ ಬೀಳಲಿ ಅಂತ. ಆ ಗಂಟಿ ಸಪ್ಪಳ ನೆನಪಿಟ್ಟಕೋರಿ.

"ಅಲ್ಲೊಂದು ಹೋರಿ ಇತ್ತು. ಡೀಕನ್ ಅಂತ ಹೆಸರಿಟ್ಟಿದ್ರು, ಚರ್ಚಿನ ಹಿರ್ಯಾಗ ಅನ್ನೂ ಹೆಸರು. ಬೂದಿ ಬಣ್ಣ, ಭುಜದ ಮ್ಯಾಲ ಎದ್ದ ಇಣಿ, ಕೊರಳ ಕೆಳಗ ಜೋಲು ಗಂಗೆದೊಗಲ. ಅದರ ಮುತ್ತಜ್ಜ ನಮ್ಮ ದೇಶದಿಂದನ ಹಡಗಿನಾಗ ಬಂದಿದ್ದ. ಮೊದಲನೇ ಸಲ ನೋಡಿದಾಗ ನಾ ಏನ ಮಾಡಿದೆ ಗೊತ್ತೈತಿ? ಕೈ ಮುಗದೆ. ಮುಪ್ಪಿನಾಗ ಊರು ಬಿಟ್ಟು ಬಂದ ಮನಶ್ಯಾಗ, ಏಳು ಸಮುದ್ರದಾಚಿ ಬಸವಣ್ಣ ಸಿಕ್ಕಂಗಾತು. ದಿನಾ ಸಂಜಿಗೆ ಹೋಗಿ ಗಂಗೆದೊಗಲು ತುರಸತಿದ್ದೆ. ಆ ಹೋರಿ ಇಬ್ಬರು ಸವಾರರ ಬೆನ್ನೆಲುಬು ಮುರದಿತ್ತು. ನನ್ನ ಕೈಯಾಗ ಮಾತ್ರ ಕರುವಿನಂಗ ನಿಲ್ಲತಿತ್ತು.

"ಇನ್ನ ಪ್ರಾಣೇಶ. ನ್ಯೂವಾರ್ಕಿನಾಗ ಓದತಿದ್ದ, ಇಪ್ಪತ್ನಾಲ್ಕು ವರ್ಷ. ನಮ್ಮ ಸೀಮಿ ಆಚಾರ್ರ ಮಗ. ಮಡಿ ಉಟ್ಟು ಸಂಧ್ಯಾವಂದನಿ ಮಾಡಬೇಕಾದ ಹುಡುಗ ಹೋರಿ ಹಿಂದ ಓಡತಾನಂತ ಊರೆಲ್ಲ ಆಡಿಕೊಳ್ಳತಿತ್ತು. ಹನ್ನೊಂದು ಹೋರಿ ಕೊಬ್ಬರಿ ಹರದಿದ್ನಂತ. ವಾರಕ್ಕೊಮ್ಮೆ ನನ್ನ ಕಡೆ ಬರಾಂವ, ರೊಟ್ಟಿ ಬಡದು ಕೊಡತಿದ್ದೆ, ತಿಂದು ಊರ ಸುದ್ದಿ ಹೇಳಾಂವ... ಭಾಳ ಮಾತು. ನನಗಿಂತ ಮಾತು.

"ಜೂನಿನಾಗ, ಕಾರಹುಣ್ಣಿವಿ ಹಿಂದಿನ ದಿನ ಬಂದ. ಮ್ಯಾನ್‌ಹ್ಯಾಟನ್ನಿನ ಅಂಗಡಿಯಿಂದ ಕೊಬ್ಬರಿ ಬಟ್ಟಲ ತಂದಿದ್ದ, ಹೋಳಗಿ ಮಾಡೂಣು ಅಂತ. ಕಾಕಾ, ನಾಳೆ ಊರಾಗ ಎತ್ತಿನ ಮೈ ತೊಳದು, ಕೋಡಿಗೆ ಬಣ್ಣಾ ಹಚ್ಚಿ, ಸರ ಕಟ್ಟಿ ಓಡಸತಾರ, ನಮ್ಮ ಡೀಕನ್‌ಗ ಯಾರದಾರ್ರಿ ಅಂದ. ಐದು ಬಟ್ಟಲಕ್ಕ ತೂತು ಹೊಡದು ಕೆಂಪು ದಾರದಾಗ ಪೋಣಿಸಿದ್ವಿ. ವಾಲ್ಟ್‌ಗ ಕೇಳಿದ್ರ, ಕಟ್ಟು ಡಾಕ್, ಮಂದಿಗೆ ಮಜಾ ಬರತೈತಿ ಅಂದ. ಮರುದಿನ ಶನಿವಾರ ಕೋಡಿಗೆ ಕುಂಕುಮ ಹಚ್ಚಿ, ನಾನ, ಈ ಕೈಯಿಂದ, ಸರ ಕಟ್ಟಿದೆ. ಗಂಟು ಬಿಗಿ ಹಾಕಿದೆ.

"ಈಗ ನೀವ ಹೇಳ್ರಿ. ಅದು ತಪ್ಪೇನು? ಪ್ರೀತಿಯಿಂದ ಮಾಡಿದ್ದು ತಪ್ಪಾಗತೈತೇನು?"

ಭಜಿ ತಣ್ಣಗಾಗುತ್ತಿತ್ತು.

"ಸಂಜೀಕ ಮಂದಿಯೋ ಮಂದಿ. ಬಾಗಲಾ ತಗದ್ರು. ಡೀಕನ್ ಮೂರನೇ ಸೆಕೆಂಡಿಗೆ ಸವಾರನ್ನ ಕವಡಿ ಒಗದಂಗ ಒಗೀತು. ಗಂಟಿ ಹಗ್ಗ ಕಾಲಿಗೆ ಸಿಕ್ಕಿಕೊಂಡಿತ್ತು, ಢಣ ಢಣ ಢಣ ಅಂತ ಬೇಲಿಗುಂಟ ಓಡಾಕ ಹತ್ತಿತು, ಕೊರಳಾಗ ಬೆಳ್ಳನ ಕೊಬ್ಬರಿ ಜಿಗೀತಿದ್ವು. ನನ್ನ ಬಾಜೂಕ ಕುಂತಿದ್ದ ಪ್ರಾಣೇಶ ಬಗ್ಗಿದ. ಬೂಟಿನ ದಾರ ಕಟಗೊಳ್ಳತಾನ ಅಂದ್ಕೊಂಡೆ. ಬೂಟು ಬಿಚ್ಚಿ ಜೋಡಿಸಿಟ್ಟ. ಪ್ಯಾಂಟು ಮಡಚಿದ. ಒಂದು ಮಡಿಕಿ... ಎರಡು ಮಡಿಕಿ... ಮೊಣಕಾಲ ತನಕ. ನನ್ನ ಕಡೆ ನೋಡಿ ನಕ್ಕ. ನಾ ಕೈ ಹಿಡದು ಕೂಡಿಸಬೇಕಿತ್ತು. ಕೂಡಿಸಿದ್ನೇನು?

"'ಹರದ ಬಾ' ಅಂದೆ. ಹೌದು ವಿಜಿ, ನಾನ ಅಂದೆ. ಮೈಯಾಗ ಊರು ಹೊಕ್ಕಿತ್ತು.

"ಬೇಲಿ ಜಿಗದ. ನಮ್ಮ ಕಡೆ ಹೆಂಗ ಓಡತಾರ, ಸುಬ್ಬು ನಿನಗ ಗೊತ್ತೈತಿ. ಹೋರಿ ಎಡಭುಜಕ್ಕ ಭುಜ ಹಚ್ಚಿ, ಅದರ ಓಟದಾಗ ಓಡಿ, ಸರಕ್ಕ ಕೈ ಹಾಕೂದು. ಹೋರಿ ನಿಲ್ಲಂಗಿಲ್ಲ, ಯಾಕ? ಅದರ ಮುಂದ ಓಣಿ ಐತಿ, ಓಣಿ ಕಡೀಕ ಅದರ ಮನಿ ಐತಿ, ಅದಕ್ಕ ಮನಿ ಮುಟ್ಟಿದ್ರ ಸಾಕು. ನಾವಿಬ್ಬರೂ ಅಷ್ಟು ಮಾತಾಡಿದವ್ರು, ಅದೊಂದು ವಿಚಾರ ಮಾಡಲಿಲ್ಲ ನೋಡ್ರಿ... ಡೀಕನ್‌ಗ ಎಲ್ಲಿ ಮನಿ? ಸುತ್ತ ಬೇಲಿ. ನೆಲದ ಮ್ಯಾಲ ಇದ್ದದ್ದನ್ನ ತಿರುಗಿ ಹಾಯೂದನ್ನ ಅವ್ರು ಅದಕ್ಕ ಚುಚ್ಚಿ ಚುಚ್ಚಿ ಕಲಿಸಿದ್ರು.

"ಪ್ರಾಣೇಶ ಒಂದು ಬಟ್ಟಲ ಹರದ. ಕೈ ಮ್ಯಾಲೆತ್ತಿ ನನಗ ತೋರಿಸಿದ. ಅಷ್ಟರಾಗ ಅದು ತಿರುಗಿತು. ಕೋಡು ಪಕ್ಕೆಲುಬಿನ ಕೆಳಗ ಹೊಕ್ಕಿದ್ದು ಹೆಗಲಿನಾಗ ಹೊರಗ ಬಂತು. ಕುಂಕುಮ ಹಚ್ಚಿದ ಕೋಡು, ಯಾವುದು ಕುಂಕುಮ ಯಾವುದು ರಕ್ತ ತಿಳೀಲಿಲ್ಲ. ತಲಿ ಮ್ಯಾಲ ಹೊತ್ತಕೊಂಡು ಅರ್ಧ ಸುತ್ತು ಹಾಕಿತು. ಕೆಡವಿತು. ಮೊಣಕಾಲೂರಿ ನೆಲಕ್ಕ ಅರೀತು, ಅಗಸರು ಅರಬಿ ತಿಕ್ಕಿದಂಗ. ಹೋರಿ ಗಮನ ಸೆಳಿಯಾಕ ಅಂಗಳದಾಗ ಇರೂ ಕೋಡಂಗಿ ವೇಷದವ್ರು ಬಡದ್ರು, ಕೂಗಿದ್ರು... ಏನೂ ಇಲ್ಲ. ಮಂದಿ ಮೊದಲು ಚಪ್ಪಾಳಿ ಹೊಡೀತಿದ್ರು, ಅದೂ ಆಟದ ಒಳಗಿಂದ ಅಂತ ತಿಳದು. ಆ ಚಪ್ಪಾಳಿ ಒಂದೊಂದ ನಿಂತದ್ದು ಈಗೂ ನನ್ನ ಕಿವ್ಯಾಗೈತಿ.

"ನಾ ಒಳಗಿಳದೆ. ಡೀಕನ್ ಅಂದೆ. ಬಿಟ್ಟು ನನ್ನ ಕಡೆ ಬಂತು. ಕುತಗಿ ಚಾಚಿತು, ತುರಸಲಿ ಅಂತ. ಅದರ ಬಾಯಿಂದ ಪ್ರಾಣೇಶನ ಅಂಗಿ ಚೂರು ಜೋತಾಡತಿತ್ತು. ನಾ ಮೂಗುದಾಣದ ಉಂಗುರ ಹಿಡದು ನಿಂತೆ. ವಾಲ್ಟ್ ಬಂದೂಕು ತಂದ. ಮೊದಲನೇ ಗುಂಡು ದವಡಿಗೆ ಬಡೀತು, ಹಲ್ಲು ಸಿಡದು ನನ್ನ ಮಾರಿಗೆ ಹತ್ತಿದ್ವು. ಹೋರಿ ಬೀಳಲಿಲ್ಲ. ನನ್ನನ್ನ ನೋಡಿತು. ನಾ ಉಂಗುರ ಬಿಡಲಿಲ್ಲ. ಮೂರು ಗುಂಡು ಬೇಕಾತು.

"ಆ ಹುಡುಗನ ಮುಷ್ಟಿ ಬಿಚ್ಚಾಕ ಬರಲಿಲ್ಲ. ಕೊಬ್ಬರಿ ಹಿಡಕೊಂಡಿದ್ದಂಗನ ಸುಟ್ಟೀವಿ. ಹೋರಿನ ಹಳ್ಳದ ದಂಡಿಗೆ ಯಂತ್ರದಿಂದ ತೆಗ್ಗು ತೋಡಿ ಹೂತ್ರು. ಈಗ ಕೇಳ್ರಿ. ನಮ್ಮಲ್ಲಿ ಒಂದು ರೀತಿ ಐತಿ. ಯಾರೂ ಸರ ಪೂರ್ತಿ ಹರೀಲಿಲ್ಲಂದ್ರ, ಹೋರಿ ಮನೀಗೆ ಬಂದ ಮ್ಯಾಲ, ಕಾಲಿಗೆ ನೀರು ಹಾಕಿ, ಆರತಿ ಮಾಡಿ, ಕಟ್ಟಿದವ ತಾನ ಸರ ಬಿಚ್ಚಬೇಕು. ಬಿಚ್ಚೋ ತನಕ ಓಟ ಮುಗಿಯಂಗಿಲ್ಲ. ಚಿಕ್ಕ ಹುಡುಗರಿಗೂ ಗೊತ್ತು. ನನಗ ಗೊತ್ತಿತ್ತು. ತೆಗ್ಗಿನ ದಂಡಿಗೆ ನಿಂತಿದ್ದೆ, ಕೆಳಗ ಅದರ ಕೊರಳಾಗ ನಾಲ್ಕು ಬಟ್ಟಲ... ಒಂದ ಹೆಜ್ಜಿ ಇಳದಿದ್ರ ಆಗತಿತ್ತು. ಇಳೀಲಿಲ್ಲ. ಅದರ ಮಾರಿ ನೋಡಾಕ ನನಗ ಧೈರ್ಯ ಆಗಲಿಲ್ಲ. ಮಣ್ಣು ಎಳದ್ರು."

ದಿವಾಕರ ನಗುತ್ತಿರಲಿಲ್ಲ. ಸಿಗರೇಟು ಹಚ್ಚಲು ತೆಗೆದ ಕಡ್ಡಿಪೆಟ್ಟಿಗೆ ಅವನ ಕೈಯಲ್ಲೇ ಇತ್ತು.

"ಮುಂದಿನ ವರ್ಷ ಅದ ಶನಿವಾರ ಬೇಲಿ ಹತ್ರ ನಿಂತಾಗ ಗಂಟಿ ಕೇಳಿಸಿತು. ಢಣ ಢಣ. ಅಂಗಳ ಖಾಲಿ. ನನ್ನ ಮುಂದನ ಹಾದು ಹೋತು, ಗಾಳಿ ಮಾರಿಗೆ ಬಡೀತು, ಸೆಗಣಿ ವಾಸನಿ ಬಂತು, ಕಣ್ಣಿಗೆ ಮಾತ್ರ ಏನೂ ಇಲ್ಲ. ಡೀಕನ್ ನಿಲ್ಲೋ, ಬಿಚ್ಚತೀನಿ, ಅಂತ ಗಾಳಿಗೆ ಕೈ ಚಾಚಿಕೊಂಡು ಹುಚ್ಚನಂಗ ಓಡ್ಯಾಡೀನಿ. ಕಟ್ಟಿದವನಿಗೆ ಕಾಣಸಂಗಿಲ್ಲ ಅದು. ಯಾರಿಗೆ ಕಾಣಸತೈತಿ ಅಂದ್ರ... ಹರಿಯೋ ಕೈಗೆ ಕಾಣಸತೈತಿ.

"ಎಪ್ಪತ್ಮೂರರಾಗ ರಾಣಿಬೆನ್ನೂರ ಕಡೆಯವ ಒಬ್ಬ ಡಾಕ್ಟರ ಬಂದಿದ್ದ, ಕೃಷ್ಣಸ್ವಾಮಿ ಅಂತ, ಹರೇದಾಗ ಹೋರಿ ಕೊಬ್ಬರಿ ಹರದಾಂವ. ಕ್ವೀನ್ಸಿನಾಗ ಮನಿ. ಹೆಂಡತಿ ಜೋಡಿ ಬೇಲಿ ಹತ್ರ ನಿಂತಿದ್ದ. ಕನ್ನಡ ಕೇಳಿ ಮಾತಾಡಿಸಿದೆ. ಅವ ಬೆವತಿದ್ದ. ಸರ್, ಆ ಹೋರಿಗೆ ಕೊಬ್ಬರಿ ಕಟ್ಯಾರಲ್ಲ, ಯಾರು ಕಟ್ಟಿದ್ದು, ಅಂದ. ಅಂಗಳದಾಗ ಹೋರಿನ ಇರಲಿಲ್ಲ. ಆಟದ ನಡುವ ಬಿಡುವು, ಒಂದು ಟ್ರ್ಯಾಕ್ಟರ ಮರಳು ಸಮ ಮಾಡತಿತ್ತು. ನಾನು... ನಾಲ್ಕು ವರ್ಷ ಕಾದವ. ಅವನ ತೋಳು ಹಿಡದು, ಎಲ್ಲೈತಿ ತೋರಸ್ರಿ, ಕೈ ಮಾಡಿ ತೋರಸ್ರಿ ಅಂದೆ. ನಾ ಬಿಚ್ಚಿ ಮುಗಸಬೇಕು ಅನ್ನೂ ಆಶಾ. ಅವ ತೋರಿಸಲಿಲ್ಲ. ಬಗ್ಗಿ ಬೂಟು ಬಿಚ್ಚಿ ಜೋಡಿಸಿದ. ಮಡಿಕಿ ಹಾಕಿದ, ಒಂದು, ಎರಡು. ಅವನ ಹೆಂಡತಿ, ಏನ್ರಿ ಇದು, ಎಲ್ಲರೂ ನೋಡ್ತಿದಾರೆ ಅಂತ ನಗತಿದ್ಲು.

"ಖಾಲಿ ಅಂಗಳದಾಗ ಒಬ್ಬ ಓಡಿದ. ಎಡಗಡೆ ಏನೋ ಐತಿ ಅನ್ನೂವಂಗ ಭುಜ ಒತ್ತಿ ಓಡಿದ. ಗಾಳ್ಯಾಗ ಕೈ ಹಾಕಿ ಜಗ್ಗಿದ. ಆಮ್ಯಾಲ... ಎರಡಾಳೆತ್ತರ ಹಾರಿದ. ಯಾರೂ ಎತ್ತಲಿಲ್ಲ ದಿವಾಕರ, ಯಾರೂ ಇರಲಿಲ್ಲ. ಬಿದ್ದ, ಮತ್ತ ಎದ್ದ, ತಾನಾಗಿ ಎದ್ದಿದ್ದಲ್ಲ. ಎದಿ ಒಳಗ ಹೊಕ್ಕಿದ್ದು ನೋಡಿದೆ, ಅಂಗಿ ಮುಂದ ತೂತು, ಹಿಂದ ತೂತು, ಮರಳಿನಾಗ ಉದ್ದಕ ಗೆರಿ ಎಳಕೊಂಡು ಹೋತು ಅವನ್ನ. ಟ್ರ್ಯಾಕ್ಟರಿಗೆ ಸಿಕ್ಕ ಅಂತ ಬರಕೊಂಡ್ರು. ಟ್ರ್ಯಾಕ್ಟರ ಆ ದಂಡಿಗಿತ್ತು. ಮುಷ್ಟಿ ಬಿಚ್ಚಿದವ ನಾ. ಒಳಗ ಕೊಬ್ಬರಿ ಬಟ್ಟಲ. ನಾ ಕೊರದ ತೂತು, ನನ್ನ ಕೆಂಪು ದಾರ."

ಕಾಕಾ ಸುಬ್ಬುವಿನ ಮಂಡಿಯ ಮೇಲೆ ಕೈ ಇಟ್ಟರು.

"ಐದು ಕಟ್ಟಿದ್ದೆ. ಎರಡು ಹೋದ್ವು. ಎಷ್ಟು ಉಳದ್ವು, ನೀ ನೋಡೀಯಲ್ಲ. ನಿನ್ನ ಕರಕೊಂಡು ಹೋಗಿ, ಎಲ್ಲೈತಿ ತೋರಸು ಅಂತ ಕೇಳಾಕ ಈ ನಾಲಿಗಿ ತುರಸಾಕತ್ತೈತಿ ತಮ್ಮಾ. ಕೇಳಂಗಿಲ್ಲ. ಒಬ್ಬನ್ನ ಕೇಳಿದ್ದು ಸಾಕು."

ಆ ಹೊತ್ತಿಗೆ ಹೊರಗೆ ಕಾರಿನ ಹಾರ್ನ್ ಕೂಗಿತು. ಸುಬ್ಬು ಎದ್ದು ಬಾಗಿಲು ತೆರೆದ. ಇಂಗ್ಲಿಷಿನಲ್ಲಿ ಏನೋ ಕೂಗಿ ಹೇಳಿದ, ರಾಜ್ ಬೈದ, ಸುಬ್ಬು ನಕ್ಕ. ಕಾರು ನೀರು ಚಿಮ್ಮಿಸಿ ಹೊರಟುಹೋಯಿತು. ಅವನು ಬಾಗಿಲು ಹಾಕಿ ಬಂದು ಮೊದಲಿನ ಜಾಗದಲ್ಲೇ ಕೂತು ಒಂದು ಭಜಿ ಎತ್ತಿಕೊಂಡ.

"ನಾ ಹೋಗಂಗಿಲ್ಲ ಬಿಡ್ರಿ ಕಾಕಾ. ನಮ್ಮಕ್ಕನ ಮಾರಿ ನೋಡ್ರಿ, ಬಿಳಚಿಕೊಂಡೈತಿ."

"ಆಣೆ ಮಾಡು," ಅಂದಳು ವಿಜಿ.

"ಆಣೆ ಅಕ್ಕಾ. ಅವ್ವನ ಆಣೆ."

ವಿಜಿ ಉಸಿರು ಬಿಟ್ಟಳು. ದಿವಾಕರನೂ ಈಗ ಕಡ್ಡಿ ಗೀರಿದ. "ಮುಗೀತಲ್ಲ ಹಾಗಾದ್ರೆ. ಹೋದ್ರೆ ತಾನೇ ತೊಂದರೆ?"

ಕಾಕಾ ಚೆಲ್ಲಿದ ಕಾಫಿಯನ್ನು ಟವೆಲಿನಿಂದ ಒರೆಸುತ್ತಿದ್ದರು. ತಲೆ ಎತ್ತಲಿಲ್ಲ.

"ಕೃಷ್ಣಸ್ವಾಮಿ ಹೆಂಡತಿ ಆಮ್ಯಾಲ ನನಗ ಹೇಳಿದ್ಲು. ಅವ ಅದನ್ನ ಮೊದಲು ನೋಡಿದ್ದು ಒಂದು ವಾರ ಮುಂಚೆ. ಹೆದರಿ, ಮತ್ತ ಆ ಕಡೆ ಕಾಲಿಡಂಗಿಲ್ಲಂತ ಆಣೆ ಮಾಡಿದ್ನಂತ."

"ಮತ್ತ ಹೆಂಗ ಬಂದ್ರು?" ವಿಜಿ ಕೇಳಿದಳು.

"ಆಕೀಗೂ ತಿಳೀದು. ಇಬ್ಬರೂ ಹಾಲು ತರಾಕ ಅಂತ ಕಾರು ಹತ್ತಿದ್ರಂತವಾ."

ಮಳೆ ನಿಂತಿತ್ತು. ಎಷ್ಟು ಹೊತ್ತಿಗೆ ನಿಂತಿತೆಂದು ಯಾರೂ ಗಮನಿಸಿರಲಿಲ್ಲ. ದಿವಾಕರ ಮಾತು ಬದಲಿಸಿ ಸುಬ್ಬುವಿನ ಪರೀಕ್ಷೆಯ ವಿಷಯ ತೆಗೆದ. ಸುಬ್ಬು ಪ್ರೊಫೆಸರರೊಬ್ಬರ ನಡಿಗೆಯನ್ನು ಕೂತಲ್ಲೇ ಅಣಕಿಸಿ ನಗಿಸಿದ. ವಿಜಿ ಖಾಲಿ ತಟ್ಟೆ ಎತ್ತಿಕೊಳ್ಳಲು ಬಗ್ಗಿದವಳು ಹಾಗೇ ನಿಂತಳು. ತಮ್ಮ ನಗುತ್ತಿದ್ದ, ಕಣ್ಣು ಭಾವನ ಕಡೆಗಿತ್ತು. ಕೆಳಗೆ ಅವನ ಕೈಗಳು ಮಾತ್ರ ಪ್ಯಾಂಟಿನ ಎಡಗಾಲನ್ನು ಮೊಣಕಾಲಿಗೆ ಮಡಚಿ ಮುಗಿಸಿದ್ದವು.

ಅವಳು ತಟ್ಟೆ ಬಿಟ್ಟು ಅವನ ಕಾಲ ಬಳಿ ಕುಕ್ಕರಿಸಿ ಮಡಿಕೆ ಬಿಚ್ಚತೊಡಗಿದಳು. ಒಂದು, ಎರಡು. ಎಡಗಾಲಿನದು ಪೂರ್ತಿ ಬಿಚ್ಚಿ ಕೆಳಗೆಳೆಯುವಷ್ಟರಲ್ಲಿ, ಬಲಗಾಲಿನದು ಮೊಣಕಾಲು ಮುಟ್ಟಿತ್ತು.